ಮುಂದಿನ ರೈಲು ತಪ್ಪಿತೇ? ಗಾಬರಿಯಲ್ಲಿ ಕ್ಯಾನ್ಸಲ್ ಒತ್ತಬೇಡಿ

ಮೊದಲ ರೈಲು ಲೇಟಾಗಿ ಎರಡನೇ ರೈಲು ತಪ್ಪಿಸಿಕೊಂಡವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ‘ಹೋದದ್ದು ಹೋಯಿತು’ ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಇಲ್ಲವೇ ರೈಲಿನಲ್ಲಿ ಕುಳಿತೇ ಮೊಬೈಲ್ ತೆಗೆದು ಎರಡನೇ ಟಿಕೆಟ್ ಕ್ಯಾನ್ಸಲ್ ಮಾಡುತ್ತಾರೆ. ಎರಡೂ ತಪ್ಪು. ನಿಯಮ ಪ್ರಯಾಣಿಕರ ಪರವಾಗಿಯೇ ಇದೆ. ಆದರೆ ಟಿಕೆಟ್ ತೆಗೆಯುವ ದಿನ ಒಂದು ಕೆಲಸ, ರೈಲು ಇಳಿದ ಮೇಲೆ ಮೂರು ಗಂಟೆಯೊಳಗೆ ಇನ್ನೊಂದು ಕೆಲಸ ನೀವೇ ಮಾಡಬೇಕು.

ಮೊದಲೇ ಒಂದು ಮಾತು. ಬ್ರಿಟನ್ನಿನಲ್ಲೋ ಯುರೋಪಿನಲ್ಲೋ ಇರುವ ಮಕ್ಕಳು ‘ಇಲ್ಲಿ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನಲ್ಲಿ ಇಷ್ಟು ವಾಪಸ್ ಬರುತ್ತೆ’ ಎಂದು ಹೇಳುವುದನ್ನು ಕೇಳಿ, ನಮ್ಮಲ್ಲೂ ಹಾಗೇ ಎಂದುಕೊಂಡವರಿದ್ದಾರೆ. ನಮ್ಮಲ್ಲಿ ಹತ್ತಿ ಕುಳಿತು ಊರು ಮುಟ್ಟಿದ ಪ್ರಯಾಣಕ್ಕೆ, ಎಷ್ಟೇ ಲೇಟಾದರೂ, ಟಿಕೆಟ್ ದುಡ್ಡು ತಾನಾಗಿ ಬರುವುದಿಲ್ಲ. ಮಾಡದ ಪ್ರಯಾಣದ ದುಡ್ಡು ಬರುತ್ತದೆ. ತಡದಿಂದಾದ ನಷ್ಟಕ್ಕೆ ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬೇಕು. ಅದು ಬೇರೆ ದಾರಿ, ಕೊನೆಗೆ ಹೇಳುತ್ತೇನೆ.

ಮೊದಲ ಕೆಲಸ: ಎರಡು ಪಿಎನ್‌ಆರ್ ಜೋಡಿಸುವುದು. 2019ರ ಏಪ್ರಿಲ್ 1ರಿಂದ ಈ ಸೌಲಭ್ಯವಿದೆ. ಹುಬ್ಬಳ್ಳಿಯಿಂದ ಅರಸೀಕೆರೆಗೆ ಒಂದು ಟಿಕೆಟ್, ಅಲ್ಲಿಂದ ಮಂಗಳೂರಿಗೆ ಇನ್ನೊಂದು ಟಿಕೆಟ್ ತೆಗೆದಿದ್ದೀರಿ ಎನ್ನಿ. ಜೋಡಿಸದಿದ್ದರೆ ರೈಲ್ವೆಯ ಲೆಕ್ಕದಲ್ಲಿ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಯಾಣ. ಎರಡನೇ ರೈಲು ಹೊತ್ತಿಗೆ ಸರಿಯಾಗಿ ಹೊರಟಿತು, ನೀವು ಬರಲಿಲ್ಲ, ಅಷ್ಟೇ. ಮೊದಲ ರೈಲು ನಿಮ್ಮನ್ನು ಕೈಬಿಟ್ಟ ಕಥೆ ಆ ಲೆಕ್ಕಕ್ಕೆ ಬರುವುದಿಲ್ಲ. ಜೋಡಿಸಿದ್ದರೆ ಎರಡನೇ ಟಿಕೆಟ್ಟಿನ ಪೂರ್ತಿ ದರ, ಕ್ಯಾನ್ಸಲೇಷನ್ ಶುಲ್ಕ ಹಿಡಿಯದೆ, ವಾಪಸ್ ಬರುತ್ತದೆ.

ಐಆರ್‌ಸಿಟಿಸಿಯಲ್ಲಾದರೆ ನಿಮ್ಮ ಖಾತೆಯ ಬುಕಿಂಗ್ ಇತಿಹಾಸದಲ್ಲಿ ಮೊದಲ ಟಿಕೆಟ್ ತೆರೆದು ಸಂಪರ್ಕ ಪ್ರಯಾಣವಾಗಿ ಎರಡನೆಯದನ್ನು ಸೇರಿಸಬೇಕು. ಕೌಂಟರಿನಲ್ಲಾದರೆ ರಿಸರ್ವೇಷನ್ ಫಾರಂ ಕೊಡುವಾಗಲೇ ಮೊದಲ ಪಿಎನ್‌ಆರ್ ತೋರಿಸಿ ‘ಇದಕ್ಕೆ ಲಿಂಕ್ ಮಾಡಿ’ ಎಂದು ಬಾಯಿ ಬಿಟ್ಟು ಹೇಳಿ. ಹಿಂದೆ ನಿಂತ ಸಾಲು ಗೊಣಗಿದರೆ ಗೊಣಗಲಿ. ಮೊದಲ ರೈಲು ಲೇಟಾದ ಮೇಲೆ ಜೋಡಿಸಲು ಹೊರಟರೆ ಆಗುವುದಿಲ್ಲ. ಟಿಕೆಟ್ ತೆಗೆದ ದಿನವೇ ಮುಗಿಸಿ.

ಜೋಡಣೆ ನಿಲ್ಲಬೇಕಾದರೆ ಎರಡೂ ಟಿಕೆಟ್ಟಿನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಒಂದರಲ್ಲಿ ‘ನಾಗರಾಜ ಕೆ.’, ಇನ್ನೊಂದರಲ್ಲಿ ‘ಕೆ. ನಾಗರಾಜಪ್ಪ’, ಒಂದರಲ್ಲಿ ವಯಸ್ಸು 58, ಇನ್ನೊಂದರಲ್ಲಿ 59. ಮನೆಯಲ್ಲಿ ಒಂದನ್ನು ಮಗ, ಇನ್ನೊಂದನ್ನು ಅಳಿಯ ತೆಗೆದಾಗ ಆಗುವುದು ಹೀಗೇ. ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಒಬ್ಬರೇ, ಒಂದೇ ಖಾತೆಯಿಂದ ಎರಡನ್ನೂ ತೆಗೆಯಿರಿ. ಮೊದಲ ಟಿಕೆಟ್ ಮುಗಿಯುವ ನಿಲ್ದಾಣದಿಂದಲೇ ಎರಡನೆಯದು ಶುರುವಾಗಲಿ. ಯಶವಂತಪುರಕ್ಕೆ ಬಂದು ಮೆಜೆಸ್ಟಿಕ್‌ನಿಂದ ಹೊರಡುವ ಲೆಕ್ಕಾಚಾರ ಬೇಡ. ನಡುವೆ ಮೂರು ಗಂಟೆಯಾದರೂ ಬಿಡುವಿರಲಿ ಎಂಬುದು ನನ್ನ ಸಲಹೆ. ಇದು ನಿಯಮವಲ್ಲ, ಜಂಕ್ಷನ್‌ಗಳಲ್ಲಿ ರಾತ್ರಿ ಕಳೆದು ಕಲಿತದ್ದು.

ಇನ್ನು ಗಾಬರಿಯ ವಿಷಯ. ನಮ್ಮ ಸೋದರಮಾವ ಒಮ್ಮೆ ಹೀಗೇ ಎರಡು ಟಿಕೆಟ್ ಜೋಡಿಸಿಕೊಂಡು ಹೊರಟಿದ್ದರು. ಸಂಜೆ ಐದಕ್ಕೆ ಜಂಕ್ಷನ್ ಮುಟ್ಟಬೇಕಿದ್ದ ರೈಲು ಮಧ್ಯಾಹ್ನ ಎರಡೂವರೆಗೇ ಆರು ತಾಸು ಹಿಂದೆ ಬಿದ್ದಿತ್ತು. ರಾತ್ರಿ ಹತ್ತೂವರೆಯ ರೈಲು ಸಿಗುವುದಿಲ್ಲ ಎಂದು ಖಾತ್ರಿಯಾಯಿತು. ಅತ್ತೆ ಬೇಡ ಬೇಡ ಅನ್ನುತ್ತಿದ್ದಂತೆಯೇ, ಚಾರ್ಜು ಮುಗಿಯುತ್ತಾ ಬಂದ ಫೋನಿನಲ್ಲಿ ಮಾವ ಕ್ಯಾನ್ಸಲ್ ಒತ್ತಿಬಿಟ್ಟರು. ಆಗಿನ ನಿಯಮದಂತೆ ಅರ್ಧ ದುಡ್ಡು ಅಲ್ಲೇ ಹೋಯಿತು. ಕ್ಯಾನ್ಸಲ್ ಒತ್ತಿದ ಕ್ಷಣ ಆ ಟಿಕೆಟ್ಟಿನ ಕಥೆ ಮುಗಿದಂತೆ, ಆಮೇಲೆ ಅದರ ಮೇಲೆ ಟಿಡಿಆರ್ (ಮಾಡದ ಪ್ರಯಾಣದ ದುಡ್ಡು ವಾಪಸ್ ಕೇಳುವ ಅರ್ಜಿ) ಹಾಕಲು ಬರುವುದಿಲ್ಲ. ಸುಮ್ಮನಿದ್ದು, ರಾತ್ರಿ ಹನ್ನೊಂದಕ್ಕೆ ಇಳಿದ ಮೇಲೆ ಬೆಂಚಿನಲ್ಲಿ ಕೂತು ಟಿಡಿಆರ್ ಹಾಕಿದ್ದರೆ ಪೂರ್ತಿ ಬರುತ್ತಿತ್ತು. ಆದ್ದರಿಂದ ಎರಡು ಸಲ ಹೇಳುತ್ತೇನೆ: ಜೋಡಿಸಿದ ಟಿಕೆಟ್ ಇದ್ದರೆ ಕ್ಯಾನ್ಸಲ್ ಬೇಡ, ಕ್ಯಾನ್ಸಲ್ ಬೇಡ. ಜೋಡಿಸಿಲ್ಲ, ಚಾರ್ಟ್ ಇನ್ನೂ ಆಗಿಲ್ಲ ಎಂದರೆ ಮಾತ್ರ ಕ್ಯಾನ್ಸಲ್ ಮಾಡಿ ಬಂದಷ್ಟು ಉಳಿಸಿಕೊಳ್ಳಿ.

ಟಿಡಿಆರ್ ಹಾಕುವ ಹೊತ್ತಿನಲ್ಲೇ ಹೆಚ್ಚಿನವರು ಎಡವುವುದು. ಇಲ್ಲಿ ಎರಡು ಗಡಿಯಾರಗಳಿವೆ.

ನೀವಿನ್ನೂ ರೈಲು ಹತ್ತಿಲ್ಲ, ನೀವು ಹತ್ತಬೇಕಾದ ನಿಲ್ದಾಣಕ್ಕೇ ಅದು ಮೂರು ಗಂಟೆಗಿಂತ ಹೆಚ್ಚು ಲೇಟು, ಪ್ರಯಾಣ ಬೇಡ ಅನ್ನಿಸಿದೆ. ಆಗ ಆ ರೈಲು ನಿಮ್ಮ ನಿಲ್ದಾಣ ಬಿಡುವುದರೊಳಗೆ ಟಿಡಿಆರ್ ಹಾಕಬೇಕು. ಕೌಂಟರ್ ಟಿಕೆಟ್ಟಾದರೆ ಅದೇ ಹೊತ್ತಿನೊಳಗೆ ಕೌಂಟರಿಗೆ ಒಪ್ಪಿಸಬೇಕು. ಮನೆಗೆ ಹೋಗಿ ಊಟ ಮಾಡಿ ನಿಧಾನಕ್ಕೆ ಹಾಕೋಣ ಎಂದರೆ ತಡವಾಯಿತು.

ಸಂಪರ್ಕದ ರೈಲು ತಪ್ಪಿದ್ದರೆ ಗಡಿಯಾರ ಬೇರೆ. ಮೊದಲ ರೈಲು ಜಂಕ್ಷನ್‌ಗೆ ನಿಜವಾಗಿ ಬಂದು ನಿಂತ ಹೊತ್ತಿನಿಂದ ಮೂರು ಗಂಟೆಯೊಳಗೆ. ವೇಳಾಪಟ್ಟಿಯ ಹೊತ್ತಲ್ಲ, ಎರಡನೇ ರೈಲು ಹೊರಟ ಹೊತ್ತೂ ಅಲ್ಲ. ಕೌಂಟರ್ ಟಿಕೆಟ್ಟನ್ನೂ ಅಷ್ಟರೊಳಗೆ ಆ ಜಂಕ್ಷನ್‌ನಲ್ಲೇ ಒಪ್ಪಿಸಬೇಕು. ಆದ್ದರಿಂದ ಇಳಿದ ಕೂಡಲೇ ಬೇರೆ ರೈಲಿನ ಟಿಕೆಟ್ಟಿಗೋ ಬಸ್ಸಿಗೋ ಓಡುವ ಮುನ್ನ ಹತ್ತು ನಿಮಿಷ ಇದಕ್ಕೆ ಕೊಡಿ.

ಖಾತೆಗೆ ಲಾಗಿನ್ ಆಗಿ, ‘ಮೈ ಟ್ರಾನ್ಸಾಕ್ಷನ್ಸ್’ನಲ್ಲಿ ‘ಫೈಲ್ ಟಿಡಿಆರ್’ ಆರಿಸಿ, ಪಿಎನ್‌ಆರ್ ಗುರುತಿಸಿ, ಯಾರ್‍ಯಾರು ಪ್ರಯಾಣ ಮಾಡಿಲ್ಲವೋ ಅವರೆಲ್ಲರ ಹೆಸರಿಗೂ ಟಿಕ್ ಹಾಕಿ. ಕಾರಣಗಳ ಪಟ್ಟಿಯನ್ನು ಕೊನೆಯವರೆಗೂ ಓದಿ. ಮೊದಲು ಕಣ್ಣಿಗೆ ಬಿದ್ದ ‘ರೈಲು ಮೂರು ಗಂಟೆ ಲೇಟು’ ಎಂಬುದನ್ನು ಆರಿಸಿದರೆ ನಿಮ್ಮ ಎರಡನೇ ರೈಲಿನ ದಾಖಲೆ ನೋಡುತ್ತಾರೆ. ಅದು ಸರಿಯಾದ ಹೊತ್ತಿಗೆ ಹೊರಟಿರುತ್ತದೆ, ಅರ್ಜಿ ತಿರಸ್ಕೃತ. ಸಂಪರ್ಕ ತಪ್ಪಿದ್ದು ಎಂದು ಹೇಳುವ ಕಾರಣವನ್ನೇ ಆರಿಸಿ. ಟಿಕೆಟ್ ಯಾರ ಖಾತೆಯಿಂದ ತೆಗೆದದ್ದೋ ಅಲ್ಲಿಂದಲೇ ಇದೆಲ್ಲ ಆಗಬೇಕು. ಮಗಳು ತೆಗೆದುಕೊಟ್ಟಿದ್ದರೆ ನಡುರಾತ್ರಿಯಾದರೂ ಅವಳನ್ನು ಎಬ್ಬಿಸಿ. ಏಜೆಂಟ್ ತೆಗೆದಿದ್ದರೆ ದುಡ್ಡು ಅವರ ಖಾತೆಗೇ ಹೋಗುತ್ತದೆ, ಬೆನ್ನು ಹತ್ತಿ ಪಡೆಯಿರಿ. ದುಡ್ಡು ಬರಲು ಎರಡು ಮೂರು ತಿಂಗಳೂ ಹಿಡಿಯಬಹುದು. ನಡುನಡುವೆ ಟಿಡಿಆರ್ ಹಿಸ್ಟರಿ ನೋಡುತ್ತಿರಿ.

ಈ ಗದ್ದಲದಲ್ಲೇ ಮೂರು ಫೋಟೋ ತೆಗೆದಿಟ್ಟುಕೊಳ್ಳಿ: ರೈಲು ಎಲ್ಲಿದೆ ಎಂದು ತೋರಿಸುವ ಆ್ಯಪ್‌ನ ಪರದೆ, ನಿಲ್ದಾಣದ ಗಡಿಯಾರವೂ ಕಾಣುವ ಹಾಗೆ ಫಲಕ, ಎರಡೂ ಟಿಕೆಟ್. 139ಕ್ಕೆ ಅಥವಾ ರೈಲ್ ಮದದ್‌ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನೂ ಬರೆದುಕೊಳ್ಳಿ.

ವಿಮಾನವೋ ಪರೀಕ್ಷೆಯೋ ತಪ್ಪಿ ಟಿಕೆಟ್ಟಿಗಿಂತ ದೊಡ್ಡ ನಷ್ಟವಾಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2016ರ ಜೂನ್‌ನಲ್ಲಿ ಅಜ್ಮೇರ್–ಜಮ್ಮು ಎಕ್ಸ್‌ಪ್ರೆಸ್ ಸುಮಾರು ನಾಲ್ಕು ಗಂಟೆ ತಡವಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಕುಟುಂಬಕ್ಕೆ 30,000 ರೂಪಾಯಿ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್ 6ರಂದು ಎತ್ತಿಹಿಡಿಯಿತು. ತಡ ತನ್ನ ಕೈಮೀರಿದ ಕಾರಣದಿಂದ ಆದದ್ದೆಂದು ರೈಲ್ವೆಯೇ ತೋರಿಸಬೇಕು ಎಂಬುದು ಅದರ ತಿರುಳು. ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ಟಿಕೆಟ್‌ನಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. ಟ್ಯಾಕ್ಸಿ ಬಿಲ್, ಹೋಟೆಲ್ ಬಿಲ್ ಜೊತೆಗಿಡಿ. ಎದುರುಪಕ್ಷದ ವಿಳಾಸ ತಪ್ಪಬೇಡಿ: ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ನೈಋತ್ಯ ರೈಲ್ವೆಯವು. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೂ ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರಕ್ಕೂ ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದಿಗೂ ಸೇರಿವೆ. ಉಡುಪಿ ಕೊಂಕಣ ರೈಲ್ವೆಯದು.