ಅಮ್ಮನ ಮಾತು ತೊದಲಿದಾಗ: ಸ್ಟ್ರೋಕ್, ಮಿದುಳು ಮತ್ತು ಕನ್ನಡ

ಇವತ್ತಿನ ಸಂಚಿಕೆಯ ವಿಷಯ ಸ್ಟ್ರೋಕ್. ಊರ ಕಡೆ ಪಾರ್ಶ್ವವಾಯು ಅಂತಾರೆ, ಉತ್ತರ ಕರ್ನಾಟಕದಲ್ಲಿ ಲಕ್ವಾ ಅಂತಾರೆ. ಹೆಸರಲ್ಲಿ ವಾಯು ಇದ್ದರೂ ಇದರಲ್ಲಿ ಗಾಳಿಯ ಪಾತ್ರ ಏನೂ ಇಲ್ಲ. ಎಲ್ಲವೂ ರಕ್ತದ ವಿಷಯ.

ಎಲ್ಲ ಊರಿನ ಕೇಳುಗರಿಗೂ ಇದು ಬೇಕಾದ ವಿಷಯವೇ. ಆದರೆ ನಾವು ಮಾತಾಡುವಾಗ ಮನಸ್ಸಲ್ಲಿ ಇಟ್ಟುಕೊಂಡಿರೋದು ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತಲಿನ ಮನೆಗಳನ್ನ. ನೇಪರ್‌ವಿಲ್, ಶಾಂಬರ್ಗ್, ಟ್ರಾಯ್, ನೋವೈ, ಹೀಗೆ. ಬೇಸಿಗೆ ಬಂತು ಅಂದರೆ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬರ್ತಾರೆ. ಸೂಟ್‌ಕೇಸಲ್ಲಿ ಚಟ್ನಿಪುಡಿ, ಹಪ್ಪಳ, ಜೊತೆಗೆ ಬಿಪಿ ಮಾತ್ರೆ. ಮಗ ಸೊಸೆ ಆಫೀಸಿಗೆ ಹೋದಮೇಲೆ ಮನೆಯಲ್ಲಿ ಅವರೇ. ಆ ಹೊತ್ತಲ್ಲಿ ಅಮ್ಮನ ಕೈಯಿಂದ ಲೋಟ ಜಾರಿದರೆ, ಮಾತು ತೊದಲಿದರೆ, ಏನಾಗ್ತಾ ಇದೆ ಅಂತ ಅರ್ಥ ಮಾಡಿಕೊಳ್ಳೋದು ಹೇಗೆ? ನಾವು ಜೀವವಿಜ್ಞಾನದವರು, ವೈದ್ಯರಲ್ಲ. ಹಾಗಾಗಿ ಜೀವಕೋಶದಿಂದಲೇ ಶುರು ಮಾಡೋಣ.

ಮಿದುಳು ನಮ್ಮ ದೇಹದ ತೂಕದಲ್ಲಿ ಸುಮಾರು 2 ಶೇಕಡ. ಖರ್ಚು ಮಾಡೋದು ದೇಹದ ಶಕ್ತಿಯ ಸುಮಾರು 20 ಶೇಕಡ. ಇಷ್ಟು ಖರ್ಚಿನ ಮನೆಯಲ್ಲಿ ಉಗ್ರಾಣವೇ ಇಲ್ಲ. ಸ್ನಾಯು, ಪಿತ್ತಜನಕಾಂಗ ಇವೆಲ್ಲ ಸಕ್ಕರೆಯನ್ನ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ಮಿದುಳಿನಲ್ಲಿ ಅಂಥ ದಾಸ್ತಾನು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಆಮ್ಲಜನಕ, ಗ್ಲೂಕೋಸ್ ಎರಡೂ ರಕ್ತದಲ್ಲಿ ಕ್ಷಣಕ್ಷಣಕ್ಕೂ ಬರ್ತಾ ಇರಬೇಕು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಹಾಕಿಕೊಂಡು ಹರಿವು ನಿಂತರೆ ಒಂದು ಬಗೆಯ ಸ್ಟ್ರೋಕ್. ನಾಳವೇ ಒಡೆದು ರಕ್ತ ಸೋರಿದರೆ ಇನ್ನೊಂದು ಬಗೆ. ಅಮೆರಿಕದಲ್ಲಿ ಸುಮಾರು 87 ಶೇಕಡ ಮೊದಲನೆಯದು.

ಹರಿವು ನಿಂತಾಗ ನರಕೋಶದ ಒಳಗೆ ನಡೆಯೋದು ಬರೀ ಹಸಿವಿನ ಸಾವಲ್ಲ. ನರಕೋಶದ ಪೊರೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಶಿಯಂ ಒಳಗೆ ಅಂತ ದಿನವಿಡೀ ಪಂಪ್ ಮಾಡುವ ಪ್ರೋಟೀನುಗಳಿವೆ. ಮಿದುಳಿನ ಖರ್ಚಿನ ದೊಡ್ಡ ಪಾಲು ಇದಕ್ಕೇ. ಶಕ್ತಿ ನಿಂತರೆ ಪಂಪ್ ನಿಲ್ಲುತ್ತೆ, ಕೋಶ ತನ್ನ ಹತ್ತಿರ ಇದ್ದ ಗ್ಲುಟಮೇಟ್ ಅನ್ನುವ ರಾಸಾಯನಿಕವನ್ನ ಹೊರಗೆ ಸುರಿದುಬಿಡುತ್ತೆ. ಗ್ಲುಟಮೇಟ್ ಅಂದರೆ ಪಕ್ಕದ ಕೋಶಕ್ಕೆ 'ಏಳು, ಕೆಲಸ ಮಾಡು' ಅನ್ನುವ ಸಂದೇಶ. ಪಕ್ಕದ ಕೋಶಕ್ಕೂ ಶಕ್ತಿಯ ಬರ. ಬರದಲ್ಲಿ ಇನ್ನಷ್ಟು ಕೆಲಸ ಮಾಡು ಅಂದರೆ? ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತೆ, ಕೋಶದ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಎಚ್ಚರವಾಗುತ್ತವೆ, ಕೋಶ ತನ್ನನ್ನ ತಾನೇ ಜೀರ್ಣಿಸಿಕೊಳ್ಳುತ್ತೆ. ಸಾಯ್ತಾ ಇರುವ ಕೋಶ ನೆರೆಯವರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ.

ಆದರೆ ಎಲ್ಲ ಕಡೆಯೂ ಹರಿವು ಪೂರ್ತಿ ನಿಂತಿರೋದಿಲ್ಲ. ಹೆಪ್ಪಿನ ಆಚೆಗಿನ ನಟ್ಟನಡುವಿನ ಭಾಗ ಬೇಗ ಸಾಯುತ್ತೆ. ಅದರ ಸುತ್ತ, ಪಕ್ಕದ ನಾಳಗಳಿಂದ ಚೂರುಪಾರು ರಕ್ತ ಪಡೆದುಕೊಂಡು, ಕೆಲಸ ನಿಲ್ಲಿಸಿ ಆದರೂ ಜೀವ ಹಿಡಿದುಕೊಂಡಿರುವ ಒಂದು ವಲಯ ಇರುತ್ತೆ. ಗ್ರಹಣದಲ್ಲಿ ದಟ್ಟ ನೆರಳಿನ ಸುತ್ತ ಮಸುಕಾದ ಅರೆನೆರಳು ಇರುತ್ತಲ್ಲ, ವಿಜ್ಞಾನಿಗಳು ಈ ವಲಯಕ್ಕೂ ಅದೇ ಹೆಸರನ್ನ ಇಟ್ಟರು. ತುರ್ತು ಚಿಕಿತ್ಸೆಯ ಓಟವೆಲ್ಲ ಈ ಅರೆನೆರಳನ್ನ ಉಳಿಸೋದಕ್ಕೆ. 2006ರಲ್ಲಿ ಜೆಫ್ರಿ ಸೇವರ್ ಅನ್ನುವ ನರವೈದ್ಯರು ಲೆಕ್ಕ ಹಾಕಿದರು: ದೊಡ್ಡ ನಾಳ ಮುಚ್ಚಿದ ಸ್ಟ್ರೋಕಿನಲ್ಲಿ, ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶಗಳು ಹೋಗುತ್ತವೆ.

ಇಲ್ಲಿ ಡೆಟ್ರಾಯಿಟ್ ಬರುತ್ತೆ. 1990ರ ದಶಕದ ಮೊದಲವರೆಗೂ ಸ್ಟ್ರೋಕ್ ಆದವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಟ್ಟು ಕಾಯೋದೇ ಹೆಚ್ಚಿನ ಚಿಕಿತ್ಸೆ. ಹೆಪ್ಪು ಕರಗಿಸುವ ಟಿಪಿಎ ಅನ್ನುವ ಔಷಧವನ್ನ ಮೂರು ಗಂಟೆಯೊಳಗೆ ಕೊಟ್ಟು ನೋಡುವ ಪ್ರಯೋಗ 1991ರಲ್ಲಿ ಶುರುವಾಯ್ತು. ಅಮೆರಿಕದ ಹಲವು ಆಸ್ಪತ್ರೆಗಳ 624 ರೋಗಿಗಳು. ಅದರ ಒಂದು ಕೇಂದ್ರ ಡೆಟ್ರಾಯಿಟಿನ ಹೆನ್ರಿ ಫೋರ್ಡ್ ಆಸ್ಪತ್ರೆ. ಅಷ್ಟೇ ಅಲ್ಲ, ಎಲ್ಲ ಕೇಂದ್ರಗಳ ಅಂಕಿಅಂಶ ಸೇರಿಸಿ ಲೆಕ್ಕ ಹಾಕುವ ಕೆಲಸವೂ ಅಲ್ಲೇ ನಡೆಯಿತು, ಬಾರ್ಬರಾ ಟಿಲ್ಲಿ ಅವರ ನೇತೃತ್ವದಲ್ಲಿ. 1995ರ ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ನಂತರ ಹೆಚ್ಚುಕಮ್ಮಿ ಮೊದಲಿನಂತೆ ಬದುಕುತ್ತಿದ್ದವರು, ಔಷಧ ಪಡೆದವರಲ್ಲಿ 39 ಶೇಕಡ, ಪಡೆಯದವರಲ್ಲಿ 26 ಶೇಕಡ. ಇನ್ನೊಂದು ಸಂಖ್ಯೆಯನ್ನೂ ಹೇಳಲೇಬೇಕು: ಮಿದುಳಿನೊಳಗೆ ಅಪಾಯಕಾರಿ ರಕ್ತಸ್ರಾವ ಆದದ್ದು 6.4 ಶೇಕಡ ಜನಕ್ಕೆ, ಔಷಧ ಇಲ್ಲದಾಗ 0.6 ಶೇಕಡ. ಅಪಾಯ ಇದೆ, ಆದರೂ ಒಟ್ಟು ತಕ್ಕಡಿ ಔಷಧದ ಕಡೆ ವಾಲಿತು. 1996ರಲ್ಲಿ ಅನುಮತಿ ಸಿಕ್ಕಿತು. ನಂತರ ಸಮಯದ ಮಿತಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. ತೊಡೆಯ ಸಂದಿಯಿಂದ ತೆಳು ಕೊಳವೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರ ಹೊತ್ತಿಗೆ ಗಟ್ಟಿಯಾಯ್ತು, ಆಯ್ದ ರೋಗಿಗಳಿಗೆ ಅದು 24 ಗಂಟೆಯವರೆಗೂ ಸಾಧ್ಯ.

ಈ ಗಡಿಯಾರ ಯಾವಾಗಿಂದ ಓಡುತ್ತೆ? ಲಕ್ಷಣ ನಿಮ್ಮ ಕಣ್ಣಿಗೆ ಬಿದ್ದ ಹೊತ್ತಿನಿಂದ ಅಲ್ಲ. ಆ ವ್ಯಕ್ತಿ ಕೊನೆಯದಾಗಿ ಚೆನ್ನಾಗಿದ್ದದ್ದು ಗೊತ್ತಿರುವ ಹೊತ್ತಿನಿಂದ. ಸಂಜೆ ಐದಕ್ಕೆ ನೀವು ಮನೆಗೆ ಬಂದಾಗ ಅಮ್ಮ ಸೋಫಾದ ಮೇಲೆ ವಾಲಿಕೊಂಡಿದ್ದರೆ, ಬೆಳಗ್ಗೆ ಎಂಟಕ್ಕೆ ನೀವು ಹೊರಟಿದ್ದೇ ಕೊನೆಯ ಸಾಕ್ಷಿ ಆಗಿಬಿಡಬಹುದು. ಆದರೆ ಮಧ್ಯಾಹ್ನ ಮೂರಕ್ಕೆ ಅವರು ಚಿಕ್ಕಮ್ಮನಿಗೆ ವಾಟ್ಸ್ಆ್ಯಪಲ್ಲಿ ಸರಿಯಾದ ವಾಯ್ಸ್ ಮೆಸೇಜ್ ಕಳಿಸಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತೆ. ಫೋನು ನೋಡಿ, ಡಾಕ್ಟರಿಗೆ ಆ ಸಮಯ ಹೇಳಿ.

ಲಕ್ಷಣಗಳು ನಿಮಗೆ ಗೊತ್ತಿರಬಹುದು. ಇದ್ದಕ್ಕಿದ್ದಂತೆ ತೂಕ ತಪ್ಪೋದು, ಕಣ್ಣು ಮಂಜಾಗೋದು ಅಥವಾ ಒಂದು ಕಡೆ ಕಾಣದಿರೋದು, ಬಾಯಿ ಒಂದು ಕಡೆ ಸೊಟ್ಟಗಾಗೋದು, ಎರಡೂ ಕೈ ಎತ್ತಿದರೆ ಒಂದು ಕೆಳಗೆ ಜಾರೋದು, ಮಾತು ತೊದಲೋದು. ಇದರಲ್ಲಿ 'ಇದ್ದಕ್ಕಿದ್ದಂತೆ' ಅನ್ನೋದೇ ಮುಖ್ಯ. ಹತ್ತು ನಿಮಿಷದಲ್ಲಿ ಸರಿಹೋಯ್ತು ಅಂದರೂ ಆಸ್ಪತ್ರೆಗೆ ಹೋಗಲೇಬೇಕು, ಹೆಪ್ಪು ತಾನಾಗಿ ಕರಗಿದ್ದರೂ ಅದರ ಹಿಂದೆ ಇನ್ನೊಂದು ಬರಬಹುದು.

ಬಾಯಿ ಸೊಟ್ಟಗಾಗೋದರ ಬಗ್ಗೆ ಒಂದು ಮಾತು. ನಮ್ಮ ಕಡೆ ಲಕ್ವಾಕ್ಕೆ ನಾಟಿ ಔಷಧ ಕೊಡುವವರಿದ್ದಾರೆ, ಕೆಲವು ಕಡೆ ಪಾರಿವಾಳದ ರಕ್ತ ಹಚ್ಚುವ ರೂಢಿ ಕೂಡ ಇದೆ. 'ನಮ್ಮ ಮಾವನಿಗೆ ಅದರಿಂದಲೇ ವಾಸಿಯಾಯ್ತು' ಅಂತ ಹೇಳುವವರು ಸುಳ್ಳು ಹೇಳ್ತಿಲ್ಲ. ಬೆಲ್ಸ್ ಪಾಲ್ಸಿ ಅಂತ ಇನ್ನೊಂದು ತೊಂದರೆ ಇದೆ, ಅದರಲ್ಲಿ ಮುಖದ ನರವೇ ಊದಿಕೊಂಡು ಅರ್ಧ ಮುಖ ಜೋತು ಬೀಳುತ್ತೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಅದು ತಾನಾಗಿ ವಾಸಿಯಾಗುತ್ತೆ. ಕೀರ್ತಿ ಪಾರಿವಾಳಕ್ಕೆ ಹೋಗುತ್ತೆ! ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗೋಳಗಳಿಂದ ಆಜ್ಞೆ ಬರುತ್ತೆ, ಆದ್ದರಿಂದ ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತೆ, ಬೆಲ್ಸ್ ಪಾಲ್ಸಿಯಲ್ಲಿ ಹಣೆಯೂ ನಿಶ್ಚಲ. ಇದನ್ನ ಹೇಳಿದ್ದು ಕುತೂಹಲಕ್ಕೆ. ಮನೆಯಲ್ಲಿ ಹಣೆ ನೋಡಿ ತೀರ್ಮಾನ ಮಾಡೋಕೆ ಹೋಗಬೇಡಿ.

ಈಗ ಭಾಷೆಯ ವಿಷಯ. ಅಮೆರಿಕದ ಆಂಬುಲೆನ್ಸ್ ಸಿಬ್ಬಂದಿ ಮಾತು ಪರೀಕ್ಷಿಸೋಕೆ ಒಂದು ವಾಕ್ಯ ಹೇಳಿಸ್ತಾರೆ, 'ಮುದಿ ನಾಯಿಗೆ ಹೊಸ ಆಟ ಕಲಿಸೋಕಾಗಲ್ಲ' ಅನ್ನುವ ಅರ್ಥದ ಇಂಗ್ಲಿಷ್ ಗಾದೆ. ಆಸ್ಪತ್ರೆಯಲ್ಲಿ ಬಳಸುವ ಎನ್ಐಎಚ್ ಸ್ಟ್ರೋಕ್ ಮಾಪಕದಲ್ಲಿ ಓದಿಸುವ ಪದಗಳಲ್ಲಿ ಹಕಲ್‌ಬೆರಿ, ಬೇಸ್‌ಬಾಲ್ ಪ್ಲೇಯರ್ ಇವೆ. ಹೆಸರಿಸಬೇಕಾದ ಚಿತ್ರಗಳಲ್ಲಿ ಕೈಗವಸು, ಪಾಪಾಸುಕಳ್ಳಿ, ಮರಗಳ ನಡುವೆ ಕಟ್ಟುವ ಬಲೆ ತೂಗುಹಾಸಿಗೆ. ಹಾಸನದ ಹಳ್ಳಿಯಿಂದ ಬಂದ ಅಜ್ಜಿ ಆರೋಗ್ಯವಾಗಿದ್ದಾಗಲೂ ಇದರಲ್ಲಿ ಅರ್ಧಕ್ಕೆ ತಬ್ಬಿಬ್ಬಾದಾರು. ಅವರ ಮೌನ ಸ್ಟ್ರೋಕಿನದೋ ಇಂಗ್ಲಿಷಿನದೋ ಅಂತ ವೈದ್ಯರಿಗೆ ಹೇಗೆ ತಿಳಿಯಬೇಕು?

ಹಾಗಾಗಿ ಮನೆಯಲ್ಲಿ ನೀವೇ ಕನ್ನಡದ ಒಂದು ಸರಳ ವಾಕ್ಯ ಹೇಳಿಸಿ. 'ನಮ್ಮ ಮನೆ ಮುಂದೆ ಬಾಳೆಗಿಡ ಇದೆ' ಸಾಕು. ಬಾಯಿಪಾಠ ಆಗಿರೋದನ್ನ ಮಾತ್ರ ಹೇಳಿಸಬೇಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಎಡ ಅರ್ಧಗೋಳದ ಭಾಷಾ ವಲಯಗಳು ಕೆಟ್ಟಾಗಲೂ ಒಂದು ಎರಡು ಮೂರು ಎಣಿಸೋದು, ವಾರದ ಹೆಸರು, ವರ್ಷಗಟ್ಟಲೆ ಹೇಳಿದ ಸಹಸ್ರನಾಮ, ದೇವರನಾಮ ಇವು ಉಳಿದಿರಬಹುದು. ಒಂದು ಲೋಟ ನೀರು ಕೇಳೋಕೆ ಪದ ಸಿಗದವರು ಶ್ಲೋಕ ಸರಾಗ ಹೇಳಿಬಿಡ್ತಾರೆ. 'ಅಯ್ಯೋ, ಮಾತು ಚೆನ್ನಾಗೇ ಇದೆಯಲ್ಲ' ಅಂತ ಮನೆಯವರು ಸಮಾಧಾನಪಟ್ಟುಕೊಂಡು ಕೂತರೆ ಅರೆನೆರಳು ಕರಗ್ತಾ ಹೋಗುತ್ತೆ.

ಆಸ್ಪತ್ರೆಯಲ್ಲಿ ದುಭಾಷಿಯನ್ನ ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇದನ್ನ ಉಚಿತವಾಗಿ ಒದಗಿಸಬೇಕು ಅಂತ ಇಲ್ಲಿ ಕಾನೂನೇ ಇದೆ, ಫೋನಲ್ಲೋ ವಿಡಿಯೋದಲ್ಲೋ ಆದರೂ. ಕನ್ನಡ ಅಂದರೆ ಕೆನಡಾ ಅಂತ ಕೇಳಿಸಿಕೊಳ್ಳುವವರು ಇರ್ತಾರೆ, ಅದರಲ್ಲೂ ಡೆಟ್ರಾಯಿಟಲ್ಲಿ, ನದಿಯಾಚೆಯೇ ಕೆನಡಾ! ಅಕ್ಷರ ಬಿಡಿಸಿ ಹೇಳಿ. ದುಭಾಷಿ ಬರುವವರೆಗೆ ನೀವೇ ಅನುವಾದಿಸಬೇಕಾದರೆ ಅಮ್ಮ ಹೇಳಿದ್ದನ್ನ ತಿದ್ದಬೇಡಿ. ಪ್ರೀತಿಯಿಂದ ನಾವು ಅರ್ಧ ವಾಕ್ಯವನ್ನ ಪೂರ್ತಿ ಮಾಡಿಬಿಡ್ತೀವಿ. 'ಚಮಚ' ತೋರಿಸಿದಾಗ ಅವರು 'ಬಾಗಿಲು' ಅಂದರೆ ಬಾಗಿಲು ಅಂತಲೇ ಹೇಳಬೇಕು. ಆ ತಪ್ಪೇ ರೋಗದ ಕುರುಹು.

ದುಡ್ಡಿನ ಮಾತನ್ನ ಬಿಟ್ಟು ಮುಂದೆ ಹೋಗೋದು ಪ್ರಾಮಾಣಿಕತೆ ಆಗಲ್ಲ. ವಿಸಿಟರ್ ಇನ್ಶೂರೆನ್ಸ್ ಇದೆಯೋ ಇಲ್ಲವೋ, ಕವರ್ ಮಾಡುತ್ತೋ ಇಲ್ಲವೋ ಅಂತ ಪಾಲಿಸಿ ಹುಡುಕ್ತಾ ಕೂತರೆ ಹೊತ್ತು ಹೋಗುತ್ತೆ. 1986ರ ಫೆಡರಲ್ ಕಾನೂನಿನ ಪ್ರಕಾರ ಮೆಡಿಕೇರ್‌ನಲ್ಲಿರುವ ಯಾವ ಆಸ್ಪತ್ರೆಯ ತುರ್ತು ವಿಭಾಗವೂ ಹಣ ಕೊಡುವ ಶಕ್ತಿ ನೋಡಿ ವಾಪಸ್ ಕಳಿಸುವ ಹಾಗಿಲ್ಲ, ಪರೀಕ್ಷಿಸಿ ಸ್ಥಿರಗೊಳಿಸಲೇಬೇಕು. ಬಿಲ್ ಆಮೇಲೆ ಬರುತ್ತೆ, ದೊಡ್ಡದೇ ಬರುತ್ತೆ, ಅದರ ಬಗ್ಗೆ ಆಸ್ಪತ್ರೆಯ ಹಣಸಹಾಯ ವಿಭಾಗದ ಜೊತೆ ಮಾತಾಡುವ ದಾರಿಗಳಿವೆ. ಸತ್ತ ನರಕೋಶದ ಬಗ್ಗೆ ಮಾತಾಡುವ ದಾರಿ ಇಲ್ಲ.

ನಿಮ್ಮ ಕಾರಲ್ಲಿ ಕರೆದುಕೊಂಡು ಹೋಗಬೇಡಿ, 911ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಾದರೆ 108. ಶಿಕಾಗೊ ನಗರದಲ್ಲಿ 2011ರಿಂದ ಸ್ಟ್ರೋಕಿನ ಅನುಮಾನ ಇರುವವರನ್ನ ಆಂಬುಲೆನ್ಸ್ ಸ್ಟ್ರೋಕ್ ಕೇಂದ್ರ ಇರುವ ಆಸ್ಪತ್ರೆಗೇ ಒಯ್ಯುವ ನಿಯಮ ಬಂತು, ಅದಾದಮೇಲೆ ಟಿಪಿಎ ಪಡೆದವರ ಪ್ರಮಾಣ ಹೆಚ್ಚಿತು. ಸಿಬ್ಬಂದಿ ದಾರಿಯಲ್ಲೇ ಆಸ್ಪತ್ರೆಗೆ ಸುದ್ದಿ ಕೊಡ್ತಾರೆ, ಸಿಟಿ ಸ್ಕ್ಯಾನ್ ಕಾಯ್ತಾ ಇರುತ್ತೆ. 2017ರಲ್ಲಿ ಶಿಕಾಗೊ ಪಶ್ಚಿಮದ ಸೆಂಟ್ರಲ್ ಡುಪೇಜ್ ಆಸ್ಪತ್ರೆಯವರು ಸ್ಕ್ಯಾನರನ್ನೇ ಆಂಬುಲೆನ್ಸಿನೊಳಗೆ ಕೂರಿಸಿದರು. ಸ್ಕ್ಯಾನ್ ಯಾಕೆ ಅಷ್ಟು ಮುಖ್ಯ ಅಂದರೆ, ಹೆಪ್ಪೋ ಸೋರಿಕೆಯೋ ಅಂತ ಹೊರಗಿನಿಂದ ಹೇಳೋಕಾಗಲ್ಲ, ಸೋರುತ್ತಿರುವವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಅನಾಹುತ. ಅದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ನೀರು, ಕಾಫಿ, ಸಕ್ಕರೆ ನೀರು ಯಾವುದೂ ಬೇಡ. ನುಂಗುವ ಸ್ನಾಯು ಸೋತಿದ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತೆ.

ನಮ್ಮವರಿಗೆ ಅಪಾಯ ಎಷ್ಟು? ಶಿಕಾಗೊದ ನಾರ್ತ್‌ವೆಸ್ಟರ್ನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಸಂಶೋಧಕರು ಸೇರಿ 2010ರಿಂದ 2013ರವರೆಗೆ 906 ದಕ್ಷಿಣ ಏಷ್ಯನ್ನರನ್ನ ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಹೆಸರು ಮಸಾಲಾ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನ ಹಾಗೆ ಜೋಡಿಸಿದ್ದಾರೆ. ಬೇರೆ ಸಮುದಾಯಗಳಿಗೆ ಹೋಲಿಸಿದರೆ, ತೂಕ ಕಡಿಮೆ ಇದ್ದಾಗಲೂ ನಮ್ಮಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಅಂತ ಕಂಡಿತು. ಸಕ್ಕರೆ ಕಾಯಿಲೆ, ತಾಳ ತಪ್ಪಿದ ಹೃದಯಬಡಿತ, ಹೊಗೆಸೊಪ್ಪು ಎಲ್ಲವೂ ಸ್ಟ್ರೋಕಿಗೆ ದಾರಿ, ಆದರೆ ಹೆದ್ದಾರಿ ಅಂದರೆ ರಕ್ತದೊತ್ತಡ. ಪ್ರಯಾಣದ ಗಡಿಬಿಡಿಯಲ್ಲಿ, ರಾತ್ರಿ ಹಗಲು ಅದಲುಬದಲಾದಾಗ ಬಿಟ್ಟುಹೋಗೋದು ಇದೇ ಮಾತ್ರೆ. ಮಾತ್ರೆಯ ಚೀಟಿಯ ಒಂದು ಫೋಟೋ ನಿಮ್ಮ ಫೋನಲ್ಲೂ ಇರಲಿ.

ಚೇತರಿಕೆ ಇನ್ನೊಂದು ಸಂಚಿಕೆಯಷ್ಟು ದೊಡ್ಡ ವಿಷಯ. ಶಿಕಾಗೊದ ಶರ್ಲಿ ರಯಾನ್ ಎಬಿಲಿಟಿ ಲ್ಯಾಬಿನಂಥ ಕಡೆ ಕೈ ಕಾಲಿಗೆ, ಮಾತಿಗೆ ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡಿಸ್ತಾರೆ. ಉಳಿದ ನರಕೋಶಗಳು ಹೊಸ ಸಂಪರ್ಕ ಕಟ್ಟಿಕೊಳ್ಳೋದು ಬಳಕೆಯಿಂದಲೇ. ಎರಡು ಭಾಷೆ ಬಲ್ಲವರಲ್ಲಿ ಸಾಮಾನ್ಯವಾಗಿ ಎರಡೂ ಜೊತೆಜೊತೆಯಾಗಿ ಮರಳುತ್ತವೆ, ಕೆಲವರಲ್ಲಿ ಒಂದು ಮುಂದೆ, ಒಂದು ಹಿಂದೆ. ಕನ್ನಡ-ಇಂಗ್ಲಿಷ್ ಎರಡೂ ಬಲ್ಲ ರೋಗಿಯೊಬ್ಬರ ಓದಿನ ನಷ್ಟದ ಬಗ್ಗೆ ಪ್ರತಿಭಾ ಕಾರಂತ ಅವರು 1981ರಲ್ಲೇ ಕಾರ್ಟೆಕ್ಸ್ ಪತ್ರಿಕೆಯಲ್ಲಿ ಬರೆದಿದ್ದರು. ಆ ಬಗೆಯ ನಷ್ಟದಲ್ಲಿ ವ್ಯಕ್ತಿ ಬರೆಯಬಲ್ಲ, ತಾನೇ ಬರೆದದ್ದನ್ನ ಓದಲಾರ. ಕಣ್ಣಿನಿಂದ ಬಂದ ಅಕ್ಷರದ ಚಿತ್ರ ಭಾಷಾ ವಲಯ ತಲುಪುವ ದಾರಿ ಕಡಿದುಹೋಗಿರುತ್ತೆ, ಅಷ್ಟೆ. ನಮ್ಮ ಒತ್ತಕ್ಷರ, ಕಾಗುಣಿತಗಳನ್ನ ಮಿದುಳು ಹೇಗೆ ಬಿಡಿಸಿ ಓದುತ್ತೆ ಅನ್ನೋದನ್ನ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.