ತಂಬಿಯ ಬಾಲಕ್ಕೆ ಕನ್ನಡದ ಬಿ

ಕಳೆದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಎದುರು ಬ್ಲಾಕಿನ ಹುಡುಗಿ ಬಂದು ಬೆಲ್ ಒತ್ತಿದಳು. ಹುಡುಗಿ ಅಂದರೆ ಎರಡು ಮಕ್ಕಳ ತಾಯಿ. ದಾವಣಗೆರೆಯಿಂದ ಚೆನ್ನೈಗೆ ಬಂದು ಎಂಟು ತಿಂಗಳಾಗಿದೆ. ಕೈಯಲ್ಲಿ ಮಗಳ ತಮಿಳು ಡಿಕ್ಟೇಷನ್ ನೋಟ್‌ಬುಕ್, ಕಣ್ಣಲ್ಲಿ ನೀರು.

"ಅಕ್ಕಾ, ಪಾಠ ಪೂರ್ತಿ ಬಾಯಿಪಾಠ ಬರುತ್ತೆ ಇವಳಿಗೆ. ಆದ್ರೂ ಹತ್ತಕ್ಕೆ ಸೊನ್ನೆ ಹಾಕಿದಾರೆ ನೋಡಿ."

ನೋಡಿದೆ. ಟೀಚರ್ 'ತಂಬಿ' ಅಂದಿದ್ದಾರೆ. ಮಗು ತಮಿಳಿನ 'ತ' ಬರೆದಿದೆ, ತಮಿಳಿನ 'ಮ್' ಬರೆದಿದೆ. ಆಮೇಲೆ 'ಬಿ'ಗೆ ತಮಿಳಿನಲ್ಲಿ ಅಕ್ಷರ ಹುಡುಕಿ, ಸಿಗದೆ, ಧೈರ್ಯವಾಗಿ ಕನ್ನಡದ 'ಬಿ'ಯನ್ನೇ ತಂದು ಕೂರಿಸಿಬಿಟ್ಟಿದೆ! ಪಕ್ಕದಲ್ಲಿ ಕೆಂಪು ಶಾಯಿಯ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ನನಗೆ ಮೊದಲು ನಗು ಬಂತು. ಪಠ್ಯಪುಸ್ತಕ ತರಿಸಿ ತೆರೆದಾಗ ಸಿಟ್ಟು ಬಂತು. ಪ್ರತಿ ಸಾಲಿನ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಮುದ್ದಾದ ಕನ್ನಡ. ಅಮ್ಮನ ಕೈಬರಹ. ಮಗು ಓದುತ್ತಿದ್ದದ್ದು ಅದನ್ನೇ, ಕೆಳಗಿನ ತಮಿಳು ಅದರ ಪಾಲಿಗೆ ಬರೀ ಚಿತ್ರ.

ಸಿಟ್ಟು ಅವಳ ಮೇಲಲ್ಲ. ಹದಿನೈದು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ.

ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ: ತಮಿಳು ತಪ್ಪಿಸಿಕೊಳ್ಳಲು ದಾರಿ ಇದೆಯಾ? ಬೆಂಗಳೂರಿನಿಂದ 350 ಕಿಲೋಮೀಟರ್ ಬಂದರೆ ಸಾಕು, ಶಾಲೆಯ ಲೆಕ್ಕಾಚಾರವೇ ಬೇರೆ. ನಮ್ಮಲ್ಲಿ ಮೂರು ಭಾಷೆ, ಇಲ್ಲಿ 1968ರಿಂದ ಎರಡು. 2006ರ ಕಾಯಿದೆ ಪ್ರಕಾರ ಒಂದರಿಂದ ಹತ್ತನೇ ತರಗತಿವರೆಗೆ ತಮಿಳು ಕಡ್ಡಾಯ. 2014ರ ಸರ್ಕಾರಿ ಆದೇಶದ ನಂತರ ಬೇರೆ ಬೋರ್ಡುಗಳ ಶಾಲೆಗಳಿಗೂ ಅದು ಹಂತಹಂತವಾಗಿ ಬಂತು. ಇದರಲ್ಲಿ ಪಾರ್ಟ್ ಒನ್ ತಮಿಳು, ಪಾರ್ಟ್ ಟೂ ಇಂಗ್ಲಿಷ್, ಪಾರ್ಟ್ ತ್ರೀ ಗಣಿತ, ವಿಜ್ಞಾನ, ಸಮಾಜ. ಪಾರ್ಟ್ ಫೋರ್ ನಮ್ಮಂಥವರ ಮನೆಮಾತಿಗೆ, ಐಚ್ಛಿಕವಾಗಿ. ಶಾಲೆಯಲ್ಲಿ ಕಲಿಸುವವರು ಇದ್ದಾರೋ ಇಲ್ಲವೋ ಸೇರಿಸುವ ದಿನವೇ ಕೇಳಿ. ಅರ್ಜಿಯಲ್ಲಿ 'ಮಾತೃಭಾಷೆ' ಅಂದಲ್ಲಿ ದಯವಿಟ್ಟು ಕನ್ನಡ ಅಂತ ಬರೆಯಿರಿ. ಸ್ಟೈಲಿಗೆ ಇಂಗ್ಲಿಷ್ ಅಂತ ಬರೆದು ಆಮೇಲೆ ನನಗೆ ಫೋನ್ ಮಾಡಬೇಡಿ. ಮಧ್ಯದ ತರಗತಿಗೆ ಬೇರೆ ರಾಜ್ಯದಿಂದ ಬಂದ ಮಕ್ಕಳ ವಿಷಯ ಏನೆಂದು ಶಾಲೆಯಿಂದ ಲಿಖಿತವಾಗಿಯೇ ಪಡೆಯಿರಿ. ಬಾಯಿಮಾತು ಮೇ ತಿಂಗಳಲ್ಲಿ ಒಂದು ಇರುತ್ತದೆ, ಜೂನ್‌ನಲ್ಲಿ ಇನ್ನೊಂದು.

ಈಗ ಅಕ್ಷರಕ್ಕೆ ಬರೋಣ, ನಾನು ಎಡವಿದ್ದು ಅಲ್ಲೇ. ನಮ್ಮಲ್ಲಿ ಕ-ಖ-ಗ-ಘ ನಾಲ್ಕು ಅಕ್ಷರ. ತಮಿಳಿನಲ್ಲಿ ಆ ಜಾಗಕ್ಕೆ ಒಂದೇ. ವ್ಯಂಜನಗಳೇ ಒಟ್ಟು 18. ಹಾಗಂತ ಅವರ ಬಾಯಲ್ಲಿ ಗ ಇಲ್ಲವೇ? ಇದೆ. ಅಕ್ಷರ ಎಲ್ಲಿ ಕೂತಿದೆ ನೋಡಿ ದನಿ ತೆಗೆಯಬೇಕು, ಅಷ್ಟೇ. ಪದದ ಮೊದಲಲ್ಲಿದ್ದರೆ ಕ: ಕಣ್. ಒತ್ತು ಬಂದರೂ ಕ: ಪಕ್ಕಂ. ಅನುನಾಸಿಕದ ಬೆನ್ನಿಗೆ ಬಂದರೆ ಗ: ತಂಗೈ. ಎರಡು ಸ್ವರಗಳ ನಡುವೆ ಸಿಕ್ಕಿದರೆ ಮೆತ್ತಗಾಗಿ ಗ ಅಥವಾ ಹ: ಮಗನ್. ಬರೆಯುವುದು ಎಲ್ಲಕ್ಕೂ ಒಂದೇ ಅಕ್ಷರ. ಪ-ಬ, ತ-ದ, ಟ-ಡ ಎಲ್ಲದರ ಕಥೆಯೂ ಇದೇ, ಹಾಗಾಗಿ 'ತಂಬಿ'ಯನ್ನು 'ತಮ್ಪಿ' ಅಂತ ಬರೆಯಬೇಕು. ಸಂಸ್ಕೃತದ ಹೆಸರುಗಳು ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ. ನಮ್ಮ ಮನೆಯವರ ಹೆಸರು ಗೋಪಾಲ. ತಮಿಳಿನಲ್ಲಿ ಬರೆದದ್ದನ್ನು ನಮ್ಮಂಥವರು ಅಕ್ಷರ ಹಿಡಿದು ಓದಿದರೆ ಕೋಪಾಲ. ಅನ್ವರ್ಥನಾಮ, ಅದು ಬೇರೆ ಮಾತು.

ಮೇಲೆ ಕನ್ನಡ ಬರೆದುಕೊಟ್ಟಾಗ ಈ ನಿಯಮವೇ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಕೆಲಸವನ್ನೆಲ್ಲ ಅಮ್ಮ ಮಾಡಿ ಮುಗಿಸಿರುತ್ತಾಳೆ. ನನ್ನ ಮಗ ಎರಡು ವರ್ಷ ಹೀಗೇ ತಳ್ಳಿದ. ಓದು ಅಂದರೆ ಗಿಳಿ, ಬರಿ ಅಂದರೆ ಅಳು. ಮೂರನೇ ವರ್ಷ ಈ ಅಕ್ಷರದ ಗೊಂದಲ ಕನ್ನಡಕ್ಕೂ ಅಂಟಿತು. ಶಿವಮೊಗ್ಗದ ಅಜ್ಜಿಗೆ ಬರೆದ ಕಾಗದದಲ್ಲಿ 'ಅಚ್ಚಿ, ಇವತ್ತು ತೋಸೆ ತಿಂದೆ' ಅಂತ ಇತ್ತು. ನಮ್ಮತ್ತೆ ಫೋನ್ ಮಾಡಿ, "ತೋಸೆ ಅಂದ್ರೆ ಎಂತದೇ? ಮಗೂಗೆ ಏನು ತಿನ್ನಿಸ್ತಿದೀಯ?" ಅಂದರು.

ಕೊನೆಗೆ ದಾರಿ ತೋರಿಸಿದ್ದು ಕೆಳಗಿನ ಮನೆಯ ಪಾಟಿ, ಅಂದರೆ ತಮಿಳು ಅಜ್ಜಿ. ಪುಸ್ತಕ ಮುಚ್ಚಿಸಿ, ಬೀದಿಯ ಬೋರ್ಡು, ಬಸ್ಸಿನ ಹಣೆ, ಹಾಲಿನ ಪ್ಯಾಕೆಟ್ಟು ಓದಿಸಿದರು. ಹಾಲಿನ ಪ್ಯಾಕೆಟ್ಟಿನಲ್ಲಿ 'ಪಾಲ್' ಅಂತ ಓದಿದವನು ಮನೆಗೆ ಓಡಿಬಂದು, "ಅಮ್ಮಾ, ಇವರು ಹಾಲಿಗೆ ಹ ಹಾಕೋದೇ ಮರೆತಿದ್ದಾರೆ" ಅಂದ. ಮರೆತದ್ದು ಅವರಲ್ಲ ಕಣೋ, ಬದಲಾಗಿದ್ದು ನಾವು. 941ರಲ್ಲಿ ಬರೆದ ಪಂಪನಿಗೆ ಹಾಲು ಪಾಲೇ, ಹುಲಿ ಪುಲಿಯೇ. ಅಂದಿನಿಂದ ಮನೆಯಲ್ಲಿ ಜೋಡಿ ಹುಡುಕುವ ಆಟ: ಪಲ್-ಹಲ್ಲು, ಪಳ್ಳಂ-ಹಳ್ಳ, ಪುಗೈ-ಹೊಗೆ. ಉತ್ಸಾಹ ಹೆಚ್ಚಾಗಿ ಪಾಟಿಯನ್ನು 'ಹಾಟಿ' ಅಂತ ಕರೆದು ಬೈಸಿಕೊಂಡದ್ದೂ ಆಯಿತು. ತಮಿಳಿನ ೞ ಅವನ ನಾಲಿಗೆಗೆ ಹೊರಳಿದ ಮೇಲೆ, ಹಳಗನ್ನಡದ ಮೞೆ, ಏೞು ಬೆಂಗಳೂರಿನ ಅವನ ದೊಡ್ಡಪ್ಪನ ಮಕ್ಕಳಿಗಿಂತ ಇವನಿಗೇ ಸಲೀಸು. ನನಗೆ ಇದರಲ್ಲಿ ಸ್ವಲ್ಪ ಜಂಬವೂ ಇದೆ, ಇರಲಿ.

ಆಮೇಲೆ ತಿಳಿಯಿತು, ಭಾಷೆ ಇರುವುದು ಭಾಷೆಯ ಪೀರಿಯಡ್ಡಿನಲ್ಲಿ ಮಾತ್ರ ಅಲ್ಲ. ಭೂಗೋಳದಲ್ಲಿ ಕಾವೇರಿಯ ಪಾಠ ಬಂದಾಗ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನ ಅರ್ಥ ಕ್ಲಾಸಿನಲ್ಲಿ ಗೊತ್ತಿದ್ದದ್ದು ಇವನೊಬ್ಬನಿಗೇ. ಪಕ್ಕದ ಮನೆಯ ಸಂಗೀತದ ಮಕ್ಕಳು ಪುರಂದರದಾಸರ ಪಿಳ್ಳಾರಿ ಗೀತೆ ಕಲಿಯುವಾಗ ಪದದ ಅರ್ಥ ಕೇಳಲು ನಮ್ಮ ಮನೆಗೇ ಬರುತ್ತಿದ್ದರು. ಇತಿಹಾಸದ್ದು ಮಾತ್ರ ಜಗಳವೇ ಆಯಿತು. 642ರಲ್ಲಿ ಪಲ್ಲವ ನರಸಿಂಹವರ್ಮ ನಮ್ಮ ಬಾದಾಮಿ ಗೆದ್ದದ್ದು ಪಾಠ. ಇವನು ಎದ್ದು ನಿಂತು, ಎಂಟನೇ ಶತಮಾನದಲ್ಲಿ ನಮ್ಮ ವಿಕ್ರಮಾದಿತ್ಯ ಕಂಚಿ ಗೆದ್ದ ಅಂದಿದ್ದಾನೆ. ಮೇಷ್ಟ್ರು ನಗುತ್ತಾ, "ಆಧಾರ ತಾ" ಅಂದಿದ್ದಾರೆ.

ಭಾನುವಾರ ಕಂಚಿಗೆ ಹೋದೆವು, ಇಲ್ಲಿಂದ ಸುಮಾರು 75 ಕಿಲೋಮೀಟರ್. ಕೈಲಾಸನಾಥ ದೇವಾಲಯದ ಕಂಬದ ಮೇಲೆ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನ ಇದೆ. ಗೆದ್ದವನು ದೇವರ ಸಂಪತ್ತನ್ನು ದೇವರಿಗೇ ಬಿಟ್ಟ ಎನ್ನುವ ಶಾಸನ. ಅರ್ಧ ಗಂಟೆ ನಿಂತು ನೋಡಿದರೂ ನಮಗಾರಿಗೂ ಒಂದಕ್ಷರ ಓದಲು ಬರಲಿಲ್ಲ! ಅಷ್ಟು ಹಳೆಯ ಲಿಪಿ. "ಅಮ್ಮಾ, ನಿಂಗೂ ಕನ್ನಡ ಬರಲ್ವಾ?" ಅಂದ. ಮೇಷ್ಟ್ರು ಅದನ್ನೆಲ್ಲ ಒಂದು ಪುಟ ತಮಿಳಿನಲ್ಲಿ ಬರೆದು ತರಲು ಹೇಳಿದರು. ಬರೆದ. ತಪ್ಪು ಹನ್ನೊಂದಿದ್ದವು, ಆದರೆ ಮೇಲಿನ ಸಾಲಿನಲ್ಲಿ ಕನ್ನಡ ಇರಲಿಲ್ಲ.

ದಾವಣಗೆರೆಯ ಹುಡುಗಿಗೆ ಇಷ್ಟನ್ನೂ ಹೇಳುವಷ್ಟರಲ್ಲಿ ಹನ್ನೊಂದು ಗಂಟೆ. ಮಗು ಸೋಫಾದ ಮೇಲೇ ಮಲಗಿತ್ತು. ಹಾಗಾಗಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ: ಪ್ರತಿ ಶನಿವಾರ ಸಂಜೆ ಐದಕ್ಕೆ ನಮ್ಮ ಮನೆಯಲ್ಲಿ, ಅರ್ಧ ಗಂಟೆ ತಮಿಳು ಬೋರ್ಡು ಓದುವುದು, ಅರ್ಧ ಗಂಟೆ ಕನ್ನಡ ಕಥೆ. ಯಾರು ಬೇಕಾದರೂ ಮಕ್ಕಳನ್ನು ಕರೆತನ್ನಿ. ಮೊದಲ ವಾರ ತಮಿಳು ಪಠ್ಯಪುಸ್ತಕ ತನ್ನಿ, ಜೊತೆಗೆ ಒಂದು ಒಳ್ಳೆಯ ರಬ್ಬರು. ಅಳಿಸುವ ಕೆಲಸ ಅಮ್ಮಂದಿರದು.