ಮೂವತ್ತೆಂಟಕ್ಕೆ ಕಪ್ಪು ಕೋಟು

ಕುಷಾಯಿಗೂಡದ ಸಹೋದರಿ,

ಬಿ.ಕಾಂ. ಆಗಿದೆ, ವಯಸ್ಸು 38, ಈಗ ಲಾ ಓದಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ. ತೆಲಂಗಾಣದ ಕಾನೂನು ಪ್ರವೇಶ ಪರೀಕ್ಷೆ ಲಾಸೆಟ್‌ಗೆ ವಯೋಮಿತಿಯಿಲ್ಲ. ಮೂರು ವರ್ಷದ ಎಲ್‌ಎಲ್‌ಬಿ ನಿಮಗೆ ಸರಿ. ಶಾಮೀರ್‌ಪೇಟೆಯ ಕಾನೂನು ವಿಶ್ವವಿದ್ಯಾಲಯ ನಲ್ಸಾರ್‌ನ ಐದು ವರ್ಷದ ಕೋರ್ಸು ಪಿಯುಸಿ ಮುಗಿಸಿದ ಮಕ್ಕಳಿಗಿರಲಿ.

ನನ್ನ ಚಿಂತೆ ವಯಸ್ಸಿನದಲ್ಲ, ನೌಕರಿ ಬಿಡದೆ ಓದುತ್ತೇನೆ ಎಂದಿರಲ್ಲ, ಅದರದು. ಬಾರ್ ಕೌನ್ಸಿಲ್ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ 70 ಹಾಜರಿ ಇದೆ. ದೂರಶಿಕ್ಷಣದ ಪದವಿಗೆ ವಕೀಲಿ ಸನ್ನದು ಸಿಗದು. ‘ಹಾಜರಿ ನಾವು ನೋಡ್ಕೋತೀವಿ’ ಎನ್ನುವ ಕಾಲೇಜಿಗೆ ದೂರದಿಂದಲೇ ಕೈಮುಗಿಯಿರಿ. ನೌಕರಿ ಬಿಡಬೇಕಾದೀತು, ಹಾಗಾಗಿ ಮೊದಲು ಮನೆಯವರೊಂದಿಗೆ ಕೂತು ಮೂರು ವರ್ಷದ ಖರ್ಚಿನ ಲೆಕ್ಕ ಹಾಕಿ. ಹೊಂದದಿದ್ದರೆ ಒಂದು ವರ್ಷ ತಡೆಯಿರಿ, ಲಾಸೆಟ್ ಮತ್ತೆ ಬರುತ್ತದೆ. ಅಷ್ಟರಲ್ಲಿ ತೆಲುಗು ಓದುಬರಹ ಗಟ್ಟಿ ಮಾಡಿಕೊಳ್ಳಿ. ಮನೆಮಾತು ಕನ್ನಡವಾದರೂ ನಿಮ್ಮ ಕಕ್ಷಿದಾರರು ಗೋಳು ಹೇಳಿಕೊಳ್ಳುವುದು ತೆಲುಗಿನಲ್ಲೇ.